ಪೆನ್ಸಿಲ್ಲಿನಲ್ಲಿ ಸುತ್ತಿದ ಬೆಲೆ

ಕಂಪ್ಯೂಟರ್ ಪರದೆಯ ಮೇಲೆ ಮರದ ಸ್ಕೇಲನ್ನು ಅಡ್ಡ ಹಿಡಿದು ಓದುವವರನ್ನು ನಾನು ಜೀವಮಾನದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಅವರು ಹೋದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ಒಮ್ಮೆ ಇರಬಾರದ ಕಾಗದದ ಮೇಲೆ ಇದ್ದಾಗ, ಅದನ್ನು ತೆಗೆಯದೆ ಸುಮ್ಮನೆ ಕೂತವಳು ನಾನು. ಈಗ ಇನ್ನೊಂದು ಕಾಗದದ ಮೇಲೆ ಅವರನ್ನು ಕೇಳದೆ ಹಾಕುವ ಧೈರ್ಯ ನನಗಿಲ್ಲ.

ತಿಪಟೂರಿನ ಕಡೆಯವರು. ಇಪ್ಪತ್ತೆರಡನೇ ವಯಸ್ಸಿಗೆ ಪರೀಕ್ಷೆ ಪಾಸು ಮಾಡಿ ದಿಲ್ಲಿಗೆ ಬಂದು, ದೇಶದ ಮೂಲೆಮೂಲೆಯ ಮಾರುಕಟ್ಟೆಗಳಿಂದ ಬೆಲೆಗಳನ್ನು ತರಿಸಿ ಲೆಕ್ಕ ಹಾಕುವ ಒಂದು ಕೇಂದ್ರ ಸರ್ಕಾರಿ ಕಚೇರಿಗೆ ಸೇರಿದ್ದರು. ತೊಗರಿಬೇಳೆ, ಬಟ್ಟೆ ಸೋಪು, ರಬ್ಬರ್ ಚಪ್ಪಲಿ, ಕ್ಷೌರದ ಕೂಲಿ, ಹೀಗೆ ಪ್ರತಿ ತಿಂಗಳೂ ಸಾವಿರಾರು ಬೆಲೆಗಳು ಅವರ ಮೇಜಿಗೆ ಬರುತ್ತಿದ್ದವು. ಯಾವುದು ನಿಜ, ಯಾವುದು ಮರದ ಕೆಳಗೆ ಕೂತು ಗೀಚಿದ್ದು ಎಂದು ನೋಡುವುದೇ ಅವರ ಕೆಲಸ. ಮೂವತ್ತೆಂಟು ವರ್ಷ ಅದನ್ನೇ ಮಾಡಿ ನಿವೃತ್ತರಾಗಿ, ಗ್ರೇಟರ್ ನೋಯ್ಡಾದ ಒಂದು ಫ್ಲ್ಯಾಟಿನಲ್ಲಿ ಹೆಂಡತಿ ಮತ್ತು ಮಗಳ ಜೊತೆ ನೆಲೆಸಿದ್ದರು.

ನಮ್ಮ ಕಂಪನಿ ನೋಯ್ಡಾದಲ್ಲಿತ್ತು. ಹದಿನಾಲ್ಕು ಜನ, ಒಂದು ಕಾಫಿ ಯಂತ್ರ, ಗೋಡೆ ತುಂಬ ಪರದೆಗಳು. ಷೇರು ಕೊಳ್ಳುವ, ಮಾರುವ ನಿಯಮಗಳನ್ನು ಬರೆದು ಅವನ್ನು ಹಳೆಯ ಬೆಲೆಗಳ ಮೇಲೆ ಓಡಿಸಿ ನೋಡುವುದು ನಮ್ಮ ದಂಧೆ. ‘ಹತ್ತು ವರ್ಷದ ಹಿಂದೆ ಈ ನಿಯಮದಂತೆ ವ್ಯಾಪಾರ ಮಾಡಿದ್ದರೆ ಏನಾಗುತ್ತಿತ್ತು’ ಎಂದು ಕಂಪ್ಯೂಟರು ಹೇಳುತ್ತದೆ. ನಡೆದುಹೋದ ಕಾಲಕ್ಕೆ ವಾಪಸು ಹೋಗಿ ಗೆದ್ದು ಬರುವ ಆಟ. ಆಟಕ್ಕೆ ಬೇಕಾದ ಹಳೆಯ ಬೆಲೆಗಳನ್ನು ಅಗ್ಗದಲ್ಲಿ ಕೊಂಡಿದ್ದೆವು, ಹಾಗಾಗಿ ಅವುಗಳಲ್ಲಿ ಕಲ್ಲು ಹೊಟ್ಟು ಎಲ್ಲ ಇತ್ತು. ಅದನ್ನು ಆರಿಸಲು ಯಾರಾದರೂ ಬೇಕು ಎಂದು ಬಾಸ್ ಹೇಳಿದಾಗ, ಅವರ ಹೆಸರು ಸೂಚಿಸಿದವಳು ನಾನೇ. ಕನ್ನಡ ಸಂಘದ ಒಂದು ಊಟದಲ್ಲಿ ಪರಿಚಯವಾಗಿತ್ತು. ಸಾರು ಬಡಿಸುವವನನ್ನು ಅವರು, “ಇದು ನಿನ್ನೆಯ ಬೇಳೆ ಅಲ್ವೇನಪ್ಪಾ?” ಎಂದು ಕೇಳಿದ್ದರು, ಅವನು ಒಪ್ಪಿಕೊಂಡಿದ್ದ.

ಮೊದಲನೇ ದಿನ ಸ್ವೆಟರು, ಟಿಫಿನ್ ಡಬ್ಬಿ, ಒಂದಡಿ ಉದ್ದದ ಮರದ ಸ್ಕೇಲು ಹಿಡಿದು ಬಂದರು. ಕೂತವರೇ ಸ್ಕೇಲನ್ನು ಪರದೆಗೆ ಅಡ್ಡ ಹಿಡಿದು, ಒಂದೊಂದು ಸಾಲನ್ನೇ ಕೆಳಕ್ಕೆ ಸರಿಸುತ್ತ ಓದತೊಡಗಿದರು. ಹುಡುಗರು ಮುಸಿಮುಸಿ ನಕ್ಕರು. “ಅಂಕಲ್‌ಜೀ, ಸಾಲನ್ನು ಕಂಪ್ಯೂಟರೇ ಹಳದಿ ಮಾಡಿ ತೋರಿಸುತ್ತದೆ,” ಎಂದು ಒಬ್ಬ ಹೇಳಿಕೊಡಲು ಹೋದ. ಅವರು ಕೇಳಿಸಿಕೊಂಡು, ತಲೆಯಾಡಿಸಿ, ಮತ್ತೆ ಸ್ಕೇಲನ್ನೇ ಇಟ್ಟರು. “ಬಣ್ಣ ಬಳಿದ್ರೆ ಕಣ್ಣು ಅಲ್ಲಿಗೆ ಮಾತ್ರ ಹೋಗುತ್ತಮ್ಮಾ. ಪಕ್ಕದ್ದು ತಪ್ಪಿಸ್ಕೊಳ್ಳುತ್ತೆ,” ಎಂದು ನನಗೆ ಮಾತ್ರ ಕನ್ನಡದಲ್ಲಿ ಹೇಳಿದರು. ಒಂದೇ ತಿಂಗಳಲ್ಲಿ ಪರದೆಯ ಮೇಲೆ ಸಣ್ಣ ಗೀರುಗಳಾದವು, ನಗುವವರು ಕಡಿಮೆಯಾದರು.

ನಾನೂ ಗ್ರೇಟರ್ ನೋಯ್ಡಾದಲ್ಲೇ ಇದ್ದುದರಿಂದ ದಿನಾ ನನ್ನ ಕಾರಿನಲ್ಲೇ ಹೋಗಿ ಬರುತ್ತಿದ್ದರು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಸೀಟ್ ಬೆಲ್ಟನ್ನು ಎರಡು ಸಲ ಎಳೆದು ನೋಡಿ, ಮಾತು ಶುರು ಮಾಡುತ್ತಿದ್ದರು. ಎಕ್ಸ್‌ಪ್ರೆಸ್‌ವೇ ಮೇಲೆ ನಾನು ಕಲಿತದ್ದು ದಿಲ್ಲಿಯ ಕ್ಲಾಸುಗಳಲ್ಲಿ ಕಲಿತ ಸಂಖ್ಯಾಶಾಸ್ತ್ರಕ್ಕಿಂತ ಹೆಚ್ಚು.

ಒಮ್ಮೆ ಒಂದು ಸಣ್ಣ ಊರಿನಿಂದ ಕೊಬ್ಬರಿ ಎಣ್ಣೆಯ ಬೆಲೆ ಹನ್ನೊಂದು ತಿಂಗಳು ಒಂದೇ ಸಮ ಬಂತಂತೆ. ಪೈಸೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೇಲಿನವರೆಲ್ಲ ಖುಷಿಯಾಗಿದ್ದರು, ಅಲ್ಲಿ ಬೆಲೆ ಏರುತ್ತಲೇ ಇಲ್ಲವಲ್ಲ ಎಂದು. ಇವರು ರೈಲು ಹತ್ತಿ ಹೋಗಿ ನೋಡಿದರೆ ಆ ಅಂಗಡಿ ಮುಚ್ಚಿಯೇ ಹನ್ನೊಂದು ತಿಂಗಳಾಗಿತ್ತು. ಬೆಲೆ ಕಳಿಸುವವನು ಹಿಂದಿನ ತಿಂಗಳದ್ದನ್ನೇ ನಕಲು ಮಾಡುತ್ತಿದ್ದ. “ಅಲುಗಾಡದ ಬೆಲೆ ಸತ್ತಿದೆ ಅಂತ ತಿಳ್ಕೊಳ್ಳಿ,” ಎನ್ನುತ್ತಿದ್ದರು. ನಮ್ಮ ಷೇರುಗಳಲ್ಲೂ ಅಂಥ ಹೆಣಗಳನ್ನು ಅವರು ಹುಡುಕಿ ಹುಡುಕಿ ತೆಗೆದರು. ವಾರಗಟ್ಟಲೆ ಒಂದೇ ಬೆಲೆ ತೋರಿಸಿಕೊಂಡು, ಒಂದು ಷೇರೂ ಕೈ ಬದಲಾಯಿಸದೆ ಬಿದ್ದಿದ್ದ ಕಂಪನಿಗಳು.

ಬುಧವಾರದ ಬಜಾರಿಗೆ ಅವರ ಜೊತೆ ಹೋಗುವುದು ಒಂದು ಶಿಕ್ಷೆ. “ಭಯ್ಯಾ, ಟಮಾಟರ್ ಕೈಸೇ ದಿಯಾ?” ಎಂದರೆ ಅವನು “ಚಾಲೀಸ್”, ಕಿಲೋಗೆ ನಲವತ್ತು, ಎನ್ನುತ್ತಾನೆ. ಲೋಕವೆಲ್ಲ ಅಲ್ಲಿಗೆ ಚೌಕಾಸಿ ಶುರು ಮಾಡುತ್ತದೆ. ಇವರು, ಈಗ ತಾನೇ ಕೊಂಡು ಹೋದ ಆ ಅಜ್ಜಿಗೆ, ಆ ಮಾಜಿಗೆ, ಎಷ್ಟಕ್ಕೆ ಕೊಟ್ಟೆ ಎಂದು ಕೇಳುತ್ತಿದ್ದರು. ಅವನು ಹೇಳದಿದ್ದರೆ ಆ ಮಾಜಿಯನ್ನೇ ಅಟ್ಟಿಸಿಕೊಂಡು ಹೋಗಿ ಕೇಳುತ್ತಿದ್ದರು. ನಾನು ನಾಚಿಕೆಯಿಂದ ಬದನೆಕಾಯಿ ನೋಡುತ್ತ ನಿಲ್ಲುತ್ತಿದ್ದೆ.

“ಕೂಗೋದು ಬೆಲೆ ಅಲ್ಲಮ್ಮಾ, ಮಾರಿದ್ದು ಬೆಲೆ. ಅದೂ ಒಂದೇ ಬಾಯಿಂದ ಬಂದ್ರೆ ಪೆನ್ಸಿಲ್ಲು. ಎರಡನೇ ಬಾಯಿ ಹೇಳಿದ ಮೇಲೆ ಇಂಕು.”

ಇದು ಬಾಯಿಮಾತಲ್ಲ, ಅವರ ಕಚೇರಿಯ ಪದ್ಧತಿಯೇ ಹಾಗೆ. ಸಂಶಯದ ಬೆಲೆಗೆ ಪೆನ್ಸಿಲ್ಲಿನಲ್ಲಿ ಒಂದು ಸುತ್ತು. ಇನ್ನೊಂದು ಕಡೆಯಿಂದ ಖಾತ್ರಿಯಾದರೆ ಪಕ್ಕದಲ್ಲಿ ಇಂಕಿನ ಗುರುತು. ತಪ್ಪೆಂದು ಗೊತ್ತಾದರೆ ಅಳಿಸುವಂತಿಲ್ಲ, ಮೇಲೆ ತೀಡುವಂತಿಲ್ಲ. ಒಂದೇ ಒಂದು ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ಬರೆದವರು ಸಹಿ ಹಾಕಿ ತಾರೀಖು ಹಾಕಬೇಕು. “ಹೊಡೆದು ಹಾಕಿದ್ದೂ ಓದೋಕೆ ಬರಬೇಕು. ಇಲ್ಲಾಂದ್ರೆ ತಿದ್ದಿದ್ದು ಯಾವುದು, ಕದ್ದದ್ದು ಯಾವುದು ಹೇಗೆ ಗೊತ್ತಾಗುತ್ತೆ?” ನಮ್ಮ ಕಂಪ್ಯೂಟರಿನಲ್ಲೂ ಹಟ ಹಿಡಿದು ಪ್ರತಿ ಬೆಲೆಗೆ ಮೂರು ಕಾಲಂ ಮಾಡಿಸಿದರು. ಬಂದದ್ದು ಒಂದು, ತಿದ್ದಿದ್ದು ಒಂದು, ಯಾರು ಯಾಕೆ ತಿದ್ದಿದರು ಎಂಬುದು ಮೂರನೆಯದು.

ನಮ್ಮ ವರದಿಗಳ ಕೊನೆಯ ಪುಟದಲ್ಲಿ ಆಗ ಒಂದು ಹೊಸ ಸಾಲು ಸೇರಿತು. ‘ಬೆಲೆಗಳನ್ನು ಪರಿಶೀಲಿಸಿದವರು’ ಎಂದು, ಮುಂದೆ ಅವರ ಹೆಸರು. ಮೊದಲ ವರದಿಯ ಆ ಪುಟವನ್ನು ಜೆರಾಕ್ಸ್ ಮಾಡಿಸಿ ಮನೆಗೆ ಒಯ್ದಿದ್ದರು. “ಸರ್ಕಾರದಲ್ಲಿ ಮೂವತ್ತೆಂಟು ವರ್ಷ ನಮ್ಮ ಸಾಹೇಬರ ಹೆಸರು ಬರ್ತಿತ್ತು. ನಮ್ಮನೆಯವಳಿಗೆ ತೋರಿಸ್ಬೇಕು,” ಎಂದರು. ಪೆನ್ಷನ್ ಇತ್ತು, ಸಂಬಳಕ್ಕಾಗಿ ಅವರು ಬರುತ್ತಿರಲಿಲ್ಲ. ಆ ಒಂದು ಸಾಲಿಗಾಗಿ ಬರುತ್ತಿದ್ದರು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಈಗ ನನ್ನ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಅವರನ್ನು ಹೊಗಳುತ್ತ ಕಾಲ ತಳ್ಳಿದ್ದು ಅದಕ್ಕೇ ಎಂದು ನಿಮಗೆ ಅನುಮಾನ ಬಂದಿದ್ದರೆ ಅದು ಸರಿ.

ಆ ವರ್ಷ ನಾನೊಂದು ನಿಯಮ ಬರೆದೆ. ಒಂದು ಷೇರು ಒಂದೇ ದಿನ ದಿಢೀರ್ ಎಂದು ಕುಸಿದರೆ ಕೊಳ್ಳುವುದು, ಮರುದಿನವೋ ಅದರ ಮರುದಿನವೋ ಮೇಲೆದ್ದಾಗ ಮಾರುವುದು. ಹಳೆಯ ಬೆಲೆಗಳ ಮೇಲೆ ಓಡಿಸಿದಾಗ ಅದು ಕುದುರೆಯಂತೆ ಓಡಿತು. ಬಾಸ್ ನನ್ನನ್ನು ಎದ್ದು ನಿಲ್ಲಿಸಿ ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಕರೋಲ್ ಬಾಗಿನ ಒಬ್ಬ ದೊಡ್ಡ ಬಟ್ಟೆ ವ್ಯಾಪಾರಿ ಇದಕ್ಕೆ ಹಣ ಹಾಕಲು ಮುಂದೆ ಬಂದರು. ಅವರಿಗೆ ತೋರಿಸುವ ದಿನ ನಿಗದಿಯಾಯಿತು.

ನಮ್ಮ ಮರದ ಸ್ಕೇಲಿನವರು ಮಾತ್ರ ಚಪ್ಪಾಳೆ ತಟ್ಟಿ ಮುಗಿಸಿ, ನಾನು ಕೊಂಡ ದಿನಗಳ ಪಟ್ಟಿ ಕೇಳಿದರು. ಸತತ ಐದು ಶನಿವಾರ ಮೆಟ್ರೋ ಹಿಡಿದು ದಿಲ್ಲಿಯ ಒಂದು ಹಳೆಯ ಗ್ರಂಥಾಲಯಕ್ಕೆ ಹೋಗಿ, ಆಯಾ ದಿನದ ಪತ್ರಿಕೆಗಳ ಷೇರು ಪುಟ ತೆಗೆಸಿ ನೋಡಿದರು. ಮುಂದಿನ ಸೋಮವಾರ ಕಾರಿನಲ್ಲಿ ನಾಲ್ಕು ಹಾಳೆ ನನ್ನ ಕೈಗಿಟ್ಟರು. ನಲವತ್ತೊಂದು ಬೆಲೆಗಳು, ಪ್ರತಿಯೊಂದಕ್ಕೂ ಪೆನ್ಸಿಲ್ ಸುತ್ತು.

“ಇದು ನೋಡಿ. ಹಿಂದಿನ ದಿನ ಎಂಟುನೂರ ನಲವತ್ತೆರಡು ರೂಪಾಯಿ, ಮರುದಿನ ಎಂಟುನೂರ ನಲವತ್ತೈದು. ಮಧ್ಯದ ದಿನ ಎಂಬತ್ತನಾಲ್ಕು ರೂಪಾಯಿ ಇಪ್ಪತ್ತು ಪೈಸೆ. ಯಾರೋ ಚುಕ್ಕಿನ ಒಂದು ಮನೆ ಹಿಂದೆ ಇಟ್ಟಿದಾನೆ. ಪೇಪರಲ್ಲಿ ಸರಿಯಾಗೇ ಇದೆ. ಆ ಬೆಲೆಗೆ ಯಾರೂ ಮಾರಿಲ್ಲಮ್ಮಾ, ಯಾರೂ ಕೊಂಡಿಲ್ಲ. ನಿಮ್ಮ ಕಂಪ್ಯೂಟರು ಮಾತ್ರ ಕೊಂಡಿದೆ.”

ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಆ ಸಾಲನ್ನು ಇನ್ನೊಮ್ಮೆ ಓದಿದೆ. ತಪ್ಪು ಬೆಲೆಯ ನಡವಳಿಕೆಯೇ ಅದು. ಒಂದು ದಿನ ಹಳ್ಳಕ್ಕೆ ಬೀಳುತ್ತದೆ, ಮರುದಿನ ಏನೂ ಆಗದವರಂತೆ ಎದ್ದು ನಿಲ್ಲುತ್ತದೆ. ನನ್ನ ನಿಯಮ ಹುಡುಕುತ್ತಿದ್ದದ್ದೂ ಅದನ್ನೇ. ನಾನು ಮಾರುಕಟ್ಟೆಯ ಗುಟ್ಟು ಕಂಡುಹಿಡಿದಿರಲಿಲ್ಲ, ಯಾರದೋ ಕೈತಪ್ಪುಗಳನ್ನು ಹೆಕ್ಕುವ ಯಂತ್ರ ಮಾಡಿದ್ದೆ.

“ಇನ್ನೂ ಎರಡನೇ ಪತ್ರಿಕೆ ನೋಡ್ಬೇಕು. ಒಂದೇ ಪೇಪರಿಂದ ಇಂಕು ಹಾಕೋಕಾಗಲ್ಲ,” ಎಂದರು. “ಅಲ್ಲೀವರೆಗೆ ಆ ದಿನಗಳನ್ನ ಬಿಟ್ಟು ಓಡಿಸಿ.”

ಬಿಟ್ಟು ಓಡಿಸಿದೆ. ಕುದುರೆ ಕುಂಟಿತು. ಲಾಭ ಮುಕ್ಕಾಲುಪಾಲು ಹೋಯಿತು. ಅಷ್ಟರಲ್ಲಿ ಅವರು ತಂಗಿಯ ಮಗನ ಮದುವೆಗೆಂದು ಹತ್ತು ದಿನ ಊರಿಗೆ ಹೋದರು. ತೋರಿಸುವ ದಿನ ಅದರ ನಡುವೆಯೇ ಬಂತು. ನಾನು ಒಂದು ವಾದ ಹೂಡಿಕೊಂಡೆ: ಅವರೇ ಹೇಳಿದ್ದಾರಲ್ಲ, ಇನ್ನೂ ಪೆನ್ಸಿಲ್ಲು, ಇಂಕಲ್ಲ, ಖಾತ್ರಿಯಾಗದ್ದನ್ನು ನಾನೇಕೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು? ಅವರ ಪದ್ಧತಿಯನ್ನೇ ಅವರ ಬೆನ್ನಿಗೆ ಹಾಕಿದೆ. ‘ಬಂದದ್ದು’ ಎಂಬ ಮೊದಲ ಕಾಲಂ ಮಾತ್ರ ಇಟ್ಟುಕೊಂಡು, ಫೈಲು ಭಾರವಾಯಿತೆಂಬ ನೆಪದಲ್ಲಿ ಉಳಿದೆರಡನ್ನು ತೆಗೆದುಹಾಕಿದೆ. ವರದಿ ಸಿದ್ಧವಾಯಿತು. ಕೊನೆಯ ಪುಟದ ಸಾಲು ಎಂದಿನಂತೆ ತಾನಾಗಿಯೇ ಅಚ್ಚಾಯಿತು. ಅದನ್ನು ನೋಡಿದೆ. ನೋಡಲಿಲ್ಲ ಎಂದು ಹೇಳುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಅವರು ಊರಿಂದ ಕೊಬ್ಬರಿ ಮಿಠಾಯಿ ತಂದರು. ಕಾರು ಹತ್ತಿದೊಡನೆ, “ನಲವತ್ತೊಂದು ಏನಾಯ್ತು?” ಎಂದರು.

“ನೋಡ್ಕೊಂಡಿದೀನಿ ಸರ್,” ಎಂದೆ. ಮಿಠಾಯಿ ಬಾಯಲ್ಲಿತ್ತು.

ವ್ಯಾಪಾರಿ ಹಣ ಹಾಕಿದರು, ಐದು ತಿಂಗಳು ನಿಜವಾದ ಮಾರುಕಟ್ಟೆಯಲ್ಲಿ ನನ್ನ ನಿಯಮ ಓಡಿತು. ಅಲ್ಲಿ ಎಂಟುನೂರರ ಷೇರನ್ನು ಎಂಬತ್ತಕ್ಕೆ ಕೊಡುವವರು ಯಾರೂ ಇರಲಿಲ್ಲ. ಬಿದ್ದ ಷೇರುಗಳು ಬಿದ್ದೇ ಇದ್ದವು. ಬಟ್ಟೆ ವ್ಯಾಪಾರಿ ತಮ್ಮ ಕಡೆಯ ಒಬ್ಬ ಲೆಕ್ಕಿಗನನ್ನು ಕಳಿಸಿದರು. ಅವನು ಒಂದೇ ಮಧ್ಯಾಹ್ನದಲ್ಲಿ ಆ ಎಂಬತ್ತನಾಲ್ಕು ರೂಪಾಯಿ ಇಪ್ಪತ್ತು ಪೈಸೆಯನ್ನು ಹುಡುಕಿ ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದ.

“ಯೇ ಕಿಸ್ನೇ ಚೆಕ್ ಕಿಯಾ?” ಇದನ್ನು ನೋಡಿದವರು ಯಾರು ಎಂದರು ಬಾಸ್. ವರದಿಯ ಕೊನೆಯ ಪುಟ ತಿರುಗಿಸಿದರು. ಉತ್ತರ ಅಲ್ಲೇ ಅಚ್ಚಾಗಿತ್ತು.

ಇವರು ಎದ್ದು ಬಂದು, ಆ ಪುಟದ ಮೇಲೆ ತಮ್ಮ ಸ್ಕೇಲನ್ನಿಟ್ಟು, ತಮ್ಮ ಹೆಸರನ್ನೇ ನಿಧಾನವಾಗಿ ಓದಿಕೊಂಡರು. “ನಾಮ್ ತೋ ಮೇರಾ ಹೀ ಹೈ ಸರ್. ಲೇಕಿನ್ ಇಸ್ ಪರ್ ಮೈಂನೇ ನಿಶಾನ್ ಲಗಾಯಾ ಥಾ.” ಹೆಸರು ನನ್ನದೇ, ಆದರೆ ಇದಕ್ಕೆ ನಾನು ಗುರುತು ಹಾಕಿದ್ದೆ ಎಂದರು.

“ನಿಶಾನ್ ಕಹಾಂ ಹೈ?”

ಗುರುತಿನ ಕಾಲಂ ಇರಲಿಲ್ಲ. ನಾಲ್ಕು ಹಾಳೆಗಳು ನನ್ನ ಡ್ರಾಯರಿನಲ್ಲಿದ್ದವು. ಅವರು ನನ್ನ ಕಡೆ ತಿರುಗಿದರು. ಆರೋಪ ಮಾಡುವ ನೋಟವಲ್ಲ ಅದು. ಬುಧವಾರದ ಬಜಾರಿನಲ್ಲಿ ಮಾಜಿಯ ಮುಂದೆ ನಿಲ್ಲುತ್ತಿದ್ದರಲ್ಲ, ಹಾಗೆ ಕಾಯುತ್ತ ನಿಂತರು. ಎರಡನೇ ಬಾಯಿ ಅಲ್ಲೇ ಇತ್ತು, ಲಿಪ್‌ಸ್ಟಿಕ್ ಹಚ್ಚಿಕೊಂಡು ಕೂತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅದೂ ಮಾಡಲಿಲ್ಲ, ಲ್ಯಾಪ್‌ಟಾಪಿನಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ. ಆಮೇಲೆ ಎಲ್ಲರೂ ಊಟಕ್ಕೆ ಹೋದಾಗ ಆ ನಾಲ್ಕು ಹಾಳೆಗಳನ್ನು ತೆಗೆದು ಕಾಗದ ಕತ್ತರಿಸುವ ಯಂತ್ರಕ್ಕೆ ಹಾಕಿದೆ. ಹೊಡೆದು ಹಾಕಿದ್ದೂ ಓದಲು ಬರಬೇಕು ಎಂದವರ ಹಾಳೆಗಳು.

ಅವತ್ತು ಸಂಜೆಯೂ ನನ್ನ ಕಾರಿನಲ್ಲೇ ಮನೆಗೆ ಬಂದರು. ತೊಡೆಯ ಮೇಲೆ ಡಬ್ಬಿ, ಡಬ್ಬಿಯ ಮೇಲೆ ಸ್ಕೇಲು. ನಾಳೆಯಿಂದ ಬರುವುದು ಬೇಡ ಎಂದು ಬಾಸ್ ಹೇಳಿದ್ದರು. ಇಳಿಯುವ ಮುಂಚೆ ಹೇಳಿದರು, “ಕೆಲಸ ಹೋಗಲಿ ಬಿಡಿ, ವಯಸ್ಸಾಯ್ತು. ಒಂದು ಉಪಕಾರ ಮಾಡಿ. ಸಮಯ ನೋಡಿ ನಿಮ್ಮ ಬಾಸ್‌ಗೆ ಒಂದು ಮಾತು ಹೇಳಿ, ಗುರುತು ಹಾಕಿದ್ರು ಅಂತ. ನಿಮ್ಮ ತಪ್ಪು ಅಂತ ಹೇಳ್ಬೇಡಿ. ಗುರುತು ಹಾಕಿದ್ರು ಅಂತ ಅಷ್ಟೇ.”

“ನೀವೇ ಇನ್ನೊಂದ್ಸಲ ಹೇಳ್ಬಹುದಿತ್ತಲ್ಲ ಸರ್...”

“ನಾನು ಹೇಳಿದ್ರೆ ಅದು ಒಂದೇ ಬಾಯಿ ಆಯ್ತಲ್ಲಮ್ಮಾ.”

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಮೊದಲು ಬಾಸ್ ಸಿಟ್ಟಿನಲ್ಲಿದ್ದರು, ಆಮೇಲೆ ಖುಷಿಯಲ್ಲಿದ್ದರು, ಕೆಡಿಸುವುದೇಕೆ ಎನಿಸಿತು. ಆಮೇಲೆ, ತಪ್ಪೆಲ್ಲ ಬೆಲೆ ನೋಡಿದವರದು, ನಿಯಮದ್ದಲ್ಲ ಎಂದು ತೀರ್ಮಾನಿಸಿ, ನನ್ನನ್ನು ಟೀಮಿಗೆ ಮುಖ್ಯಸ್ಥೆಯನ್ನಾಗಿ ಮಾಡಿದರು. ಸತ್ಯ ಹೇಳಲು ಒಳ್ಳೆಯ ಮುಹೂರ್ತ ಎನ್ನುವುದು ಯಾವ ಪಂಚಾಂಗದಲ್ಲೂ ಇರುವುದಿಲ್ಲ. ಅವರು ದಸರೆಗೆ ಫೋನ್ ಮಾಡಿದರು, ದೀಪಾವಳಿಗೆ ಮಾಡಿದರು, ಸಂಕ್ರಾಂತಿಗೆ ಮಾಡಿದರು. ಮೂರು ಸಲವೂ ಕೊನೆಯಲ್ಲಿ, “ಆ ವಿಷಯ...?” ಎಂದು ನಿಲ್ಲಿಸಿದರು. ಮೂರನೇ ಸಲ ನನಗೆ ತಡೆಯಲಾಗಲಿಲ್ಲ.

“ಹೇಳಿದೆ ಸರ್. ಬಾಸ್‌ಗೆ ಎಲ್ಲ ಹೇಳಿದೆ. ಅವರಿಗೂ ಬೇಜಾರಾಯ್ತು.”

“ಅಚ್ಛಾ,” ಎಂದರು. “ಒಳ್ಳೇದಾಯ್ತಮ್ಮಾ. ತುಂಬ ಒಳ್ಳೇದಾಯ್ತು.” ಯುಗಾದಿಗೆ ಊಟಕ್ಕೆ ಕರೆದರು. ಹೋದೆ. ಅವರ ಹೆಂಡತಿ ಎರಡು ಒಬ್ಬಟ್ಟು ಬಡಿಸಿ, “ಇನ್ನೊಂದು ಹಾಕ್ಕೊಳ್ಳಿ, ನಮ್ಮವರಿಗೆ ನೀವು ದೊಡ್ಡ ನೆಮ್ಮದಿ ಕೊಟ್ರಿ,” ಎಂದು ತುಪ್ಪ ಸುರಿದರು. ಮೂರನೆಯದನ್ನೂ ತಿಂದೆ.

ಅದಾಗಿ ಎರಡು ವರ್ಷದ ಮೇಲಾಯಿತು. ಆ ಕಂಪನಿ ಈಗಿಲ್ಲ. ಬಾಸ್ ಯಾವುದೋ ದೇಶದಲ್ಲಿದ್ದಾರೆ, ನಂಬರು ಬದಲಾಗಿದೆ. ಇನ್ನು ಹೇಳಬೇಕೆಂದರೂ ಕೇಳುವವರಿಲ್ಲ.

ನಮ್ಮ ಸ್ಕೇಲಿನವರ ವೈಕುಂಠ ಸಮಾರಾಧನೆಯ ದಿನ ಊಟವಾದ ಮೇಲೆ ಅವರ ಮಗಳು ನನ್ನನ್ನು ಒಳಕೋಣೆಗೆ ಕರೆದಳು. ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು. ಮೇಜಿನ ಮೇಲೆ ಅದೇ ಸ್ಕೇಲು, ಪಕ್ಕದಲ್ಲಿ ನಾಲ್ಕೈದು ವರ್ಷದ ಡೈರಿಗಳು.

“ಆಂಟಿ, ಪಾಪಾ ರೋಜ್ ಬರೀತಿದ್ರು. ನಂಗೆ ಕನ್ನಡ ಸಮಝ್ ಆತೀ ಹೈ, ಓದೋಕೆ ಬರಲ್ಲ. ಅಮ್ಮ ಓದೋಕೆ ಕೂತ್ರೆ ರೋನೇ ಲಗ್ತೀ ಹೈ, ಅಳ್ತಾರೆ. ಸ್ವಲ್ಪ ಓದಿ ಹೇಳ್ತೀರಾ, ಪ್ಲೀಸ್?”

ಓದಿದೆ. ಎಲ್ಲ ಸಣ್ಣಪುಟ್ಟ ಸಂಗತಿಗಳು, ಇಂಕಿನಲ್ಲಿ. ‘ಗೀಸರ್ ರಿಪೇರಿಯವನು ನಾಳೆ ಬರುತ್ತೇನೆ ಎಂದ’ ಎಂಬಲ್ಲಿ ‘ಬರುತ್ತೇನೆ’ಗೆ ಪೆನ್ಸಿಲ್ ಸುತ್ತು, ಐದು ದಿನದ ಮೇಲೆ ಪಕ್ಕದಲ್ಲಿ ಇಂಕಿನ ಗುರುತು, ‘ಇಂದು ಬಂದ’ ಎಂದು. ಅವಳು ನಕ್ಕಳು. ನಾನೂ ನಕ್ಕೆ. ಪುಟ ತಿರುಗಿಸಿದೆ. ಸಂಕ್ರಾಂತಿ.

‘ಫೋನು ಮಾಡಿದೆ. ಬಾಸಿಗೆ ಎಲ್ಲ ಹೇಳಿದ್ದಾರೆ. ಸಮಾಧಾನ.’ ‘ಹೇಳಿದ್ದಾರೆ’ ಎಂಬುದರ ಸುತ್ತ ಪೆನ್ಸಿಲ್ಲಿನ ಗೆರೆ. ಪಕ್ಕದಲ್ಲಿ ಇಂಕಿನ ಗುರುತಿಲ್ಲ. ಮುಂದಿನ ವರ್ಷದ ಡೈರಿ ತೆಗೆದೆ, ಅದರ ಮುಂದಿನದನ್ನೂ ತೆಗೆದೆ. ಅಲ್ಲೂ ಎಲ್ಲೂ ಇಲ್ಲ.

ಅವರು ನನ್ನನ್ನು ಸಂಶಯಿಸಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಪದ್ಧತಿ ಪ್ರಕಾರ ನಡೆದುಕೊಂಡಿದ್ದರು, ಅಷ್ಟೇ. ಒಂದೇ ಬಾಯಿಂದ ಬಂದ ಮಾತು, ಹಾಗಾಗಿ ಪೆನ್ಸಿಲ್ಲು. ಬಾಸ್ ಒಂದು ಸಲ ಫೋನ್ ಮಾಡಿ ಒಂದು ಮಾತಾಡುತ್ತಾರೆಂದು ಎರಡು ವರ್ಷ ಕಾದಿದ್ದರು.

“ಯೇ ಗೋಲಾ ಯಾಕೆ ಆಂಟಿ?” ಮಗಳು ಆ ಸುತ್ತಿನ ಮೇಲೆ ಬೆರಳಿಟ್ಟು ಕೇಳಿದಳು.

“ಇನ್ನೂ ಖಾತ್ರಿಯಾಗಿಲ್ಲ ಅಂತ.”

ಪೆನ್ನು ಕೇಳಿದೆ. ಕೊಟ್ಟಳು. ಅವರ ಸ್ಕೇಲನ್ನು ಆ ಸಾಲಿನ ಮೇಲಿಟ್ಟು ‘ಹೇಳಿದ್ದಾರೆ’ ಎಂಬುದಕ್ಕೆ ಒಂದೇ ಗೆರೆ ಎಳೆದೆ, ಅಡಿಯ ಅಕ್ಷರ ಓದಲು ಬರುವಂತೆ. ಮೇಲೆ ‘ಹೇಳಿಲ್ಲ’ ಎಂದು ಬರೆದೆ. ಸಹಿ ಹಾಕಿ ತಾರೀಖು ಹಾಕಿದೆ.

“ಏನ್ ಬರೆದ್ರಿ ಆಂಟಿ?”

ಅವಳಿಗೆ ಓದಲು ಬರುತ್ತಿರಲಿಲ್ಲ. ಏನು ಬೇಕಾದರೂ ಹೇಳಬಹುದಿತ್ತು. ಬಾಗಿಲ ಹತ್ತಿರ ಅವಳ ಅಮ್ಮ ಬಂದು ನಿಂತಿದ್ದರು. ಇಬ್ಬರಿಗೂ ಕೇಳುವಂತೆ ಗಟ್ಟಿಯಾಗಿ ಓದಿದೆ.